ತರಬೇತಿ ಡೈರಿಯ ಸಹಿ

ಮೂಡುಬಿದಿರೆಯ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನ ಉಪನ್ಯಾಸಕಿ ವಾಗ್ದೇವಿ ಫರಂಗಿಪೇಟೆಯ ಹೋಟೆಲಿಗೆ ಬಂದದ್ದು ತಾಂಜಾನಿಯಾದ ವಿದ್ಯಾರ್ಥಿನಿ ನೀಮಾಳ ತರಬೇತಿ ಡೈರಿಗೆ ಸಹಿ ಹಾಕಲು. ಮೂರು ತಿಂಗಳು ತರಗತಿ, ಮೂರು ತಿಂಗಳು ಹೋಟೆಲಿನಲ್ಲಿ ಕೆಲಸ. ಕೋರ್ಸಿನ ಕ್ರಮವೇ ಅದು. ಡೈರಿಯ ಪುಟಪುಟದಲ್ಲೂ ಮಾಲೀಕ ಭೋಜ ಶೆಟ್ಟರು 'ಅಡುಗೆಮನೆ ತರಬೇತಿ' ಎಂದು ಬರೆದಿಟ್ಟಿದ್ದರು. ನೀಮಾ ಮಾತ್ರ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬಾಗಿಲಲ್ಲಿ ನಿಂತು ಬಂದವರ ಸೆಲ್ಫಿಗೆಲ್ಲ ನಗುತ್ತಿದ್ದಳು.

ವಾಗ್ದೇವಿಗೆ ಮೈಯೆಲ್ಲ ಉರಿಯಿತು. "ಒಂದು ದಿನವಾದರೂ ಇವಳನ್ನು ಒಲೆಯ ಹತ್ತಿರ ಬಿಟ್ಟಿದ್ದೀರಾ ಶೆಟ್ರೇ?"

"ಎಂತ ಮೇಡಂ, ಇವಳನ್ನು ನೋಡ್ಲಿಕ್ಕೇ ಜನ ಬರ್ತಾರೆ. ಒಳಗೆ ಹಾಕಿದ್ರೆ ಯಾರಿಗೆ ಕಾಣ್ತದೆ ಮಾರಾಯ್ರೆ?"

"ಅವಳು ಕಲೀಲಿಕ್ಕೆ ಬಂದದ್ದು, ನಿಮ್ಮ ಬಾಗಿಲಿನ ಬೊಂಬೆ ಆಗ್ಲಿಕ್ಕಲ್ಲ! ಈ ಸುಳ್ಳಿಗೆ ನಾನು ಸಹಿ ಹಾಕುದಿಲ್ಲ."

ಡೈರಿಯನ್ನು ಮೇಜಿನ ಮೇಲೆ ಕುಕ್ಕಿ, "ನಡಿ, ಕಾಲೇಜಿಗೆ ಹೋಗುವ" ಎಂದು ನೀಮಾಳ ಕೈ ಹಿಡಿದಳು.

ನೀಮಾ ಕೈ ಕೊಸರಿಕೊಂಡಳು. ಮುಡಿಯ ಮಲ್ಲಿಗೆಯನ್ನು ಕಿತ್ತು ಡೈರಿಯ ಮೇಲೆ ಎಸೆದಳು. ತರಗತಿಯಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದೇ ಪದವನ್ನು ಊರಿ ಹೇಳಿದಳು:

"ಕಾಲೇಜಿನ ಗೇಟಿನ ಫ್ಲೆಕ್ಸಿನಲ್ಲಿ ಕೂಡ ನಾನು ಸೀರೆ ಉಟ್ಟು ನಗುತ್ತಾ ಇದ್ದೇನೆ, ಮೇಡಂ. ಆ ಸೀರೆ ಉಡಿಸಿದ್ದು ನೀವು."