ಜ್ವರದ ಚೀಟಿ

ಮಗ್ಗದ ಲಾಳಿಯ ಒಂದು ತುದಿಯಲ್ಲಿ ಸಣ್ಣ ತೂತಿರುತ್ತದೆ. ನಾವು ಅದಕ್ಕೆ ಕಣ್ಣು ಅನ್ನುತ್ತೇವೆ. ಕಂಡಿಕೆಯ ನೂಲು ಮುಗಿದಾಗ ಹೊಸ ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಬೇಕು. ನೂಲಿನ ತುದಿಯನ್ನು ಕಣ್ಣಿನ ಒಳಬದಿಗೆ ಹಿಡಿದು, ಹೊರಬದಿಗೆ ಬಾಯಿಟ್ಟು, ಜೋರಾಗಿ ಉಸಿರೆಳೆಯಬೇಕು. ನೂಲು ಬಾಯಿಗೆ ಬರುತ್ತದೆ. ಜೊತೆಗೆ ಅರಳೆಯ ಧೂಳು, ಎಣ್ಣೆಯ ಜಿಡ್ಡು, ಹಿಂದಿನ ಪಾಳಿಯವನ ಎಂಜಲು ಎಲ್ಲವೂ ಬರುತ್ತದೆ. ಉಗಿದು ಮಗ್ಗ ಓಡಿಸಬೇಕು. ಐದಾರು ನಿಮಿಷಕ್ಕೆ ಮತ್ತೆ ಕಂಡಿಕೆ ಖಾಲಿ. ಒಬ್ಬೊಬ್ಬನಿಗೆ ಎರಡು ಮಗ್ಗ.

ದಾವಣಗೆರೆಯ ನಮ್ಮ ಮಿಲ್ಲಿನಲ್ಲಿ ಹತ್ತು ವರ್ಷ ಮಗ್ಗದ ಖಾತೆಯಲ್ಲಿದ್ದವನ ಮುಂದಿನ ಹಲ್ಲು ನೋಡಿದರೆ ಸಾಕು, ಬೇರೆ ಗುರುತು ಕೇಳಬೇಕಾಗಿಲ್ಲ. ಸವೆದು, ಕರ್ರಗಾಗಿ, ಅಂಚು ಮುರಿದಿರುತ್ತವೆ. ಹೆಣ್ಣು ನೋಡಲು ಹೋದ ನಮ್ಮ ಹುಡುಗರು ಬಾಯಿಗೆ ಟವಲು ಅಡ್ಡ ಹಿಡಿದೇ ಮಾತಾಡುತ್ತಾರೆ. ಹುಡುಗನಿಗೆ ಎಷ್ಟು ನಾಚಿಕೆ ನೋಡು ಅಂತ ಹೆಣ್ಣಿನ ಮನೆಯವರು ಖುಷಿಪಡುತ್ತಾರೆ. ಮದುವೆಯಾದ ಮೇಲೆ ಗೊತ್ತಾಗುತ್ತದೆ.

ನಾನು ರೇವಣ್ಣ, ಶಾಮನೂರಿನವನು. ನನ್ನ ಪಕ್ಕದ ಮಗ್ಗ ಮಕ್ತುಮ್ ಸಾಬರದು. ಹರಿಹರದಿಂದ ದಿನಾ ಬೆಳಗಿನ ರೈಲಿಗೆ ಬರುತ್ತಿದ್ದರು. ಹದಿನಾಲ್ಕು ವರ್ಷ ಅಕ್ಕಪಕ್ಕ ನಿಂತವರು ನಾವು. ಮಗ್ಗದ ಸದ್ದಿನಲ್ಲಿ ಕಿವಿಗೆ ಕೆಲಸವಿಲ್ಲ. ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತೇವೆ. ಸಾಬರು ತುಟಿಯಲ್ಲೇ ನಮ್ಮ ಖಾತೆಯ ಮೇಸ್ತ್ರಿ ಜಾಬರನನ್ನು ಬೈಯುತ್ತಿದ್ದರು, ನಾನು ನಗುತ್ತಿದ್ದೆ. ಜಾಬರ್ ಹಾಲೇಶಪ್ಪ ಹಿಂದೆಯೇ ನಿಂತಿದ್ದರೂ ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ನಯಾ ಪೈಸೆ ಬಂದ ಮರುವರ್ಷ, ಒಂದು ಸೋಮವಾರ, ಸಾಬರ ತುಟಿ ಅಲ್ಲಾಡಲಿಲ್ಲ.

ಊಟದ ಹೊತ್ತಿಗೆ ಕೇಳಿದೆ. "ಯಾಕ ಸಾಬ್ರೇ, ಇವತ್ತು ಹಾಲೇಶಪ್ಪಗ ರಜಾ ಕೊಟ್ಟೀರೇನು?"

"ಹಿಂದಿನ ಹಲ್ಲು ಕಣೋ ರೇವಣ್ಣ. ಕೆಳಗಿಂದು. ಸಿಡೀತೈತೆ."

ಅವರ ಮುಂದಿನ ಹಲ್ಲು ಸವೆದು ಮೊಂಡಾಗಿದ್ದವು. ರೊಟ್ಟಿ, ಕಾಳು, ಏನಿದ್ದರೂ ಹಿಂದಿನ ಹಲ್ಲಿನಲ್ಲೇ ಅಗಿಯಬೇಕು. ಅದರಲ್ಲೊಂದು ಹೋದ ವರ್ಷವೇ ಒಡೆದು ಕುಳಿಬಿದ್ದಿತ್ತು. ಲವಂಗ ಇಟ್ಟುಕೊಂಡು ದಿನ ದೂಡುತ್ತಿದ್ದರು. ಹಲ್ಲುನೋವಿಗೆ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ? ನಮ್ಮಲ್ಲಿ ಹೆರಿಗೆ ಕಷ್ಟವಾದರೆ ಹೋಗುತ್ತಾರೆ, ಕೈ ಮುರಿದರೆ ಹೋಗುತ್ತಾರೆ. ಹಲ್ಲು ತಾನಾಗಿ ನೋಯುತ್ತದೆ, ತಾನಾಗಿ ಬೀಳುತ್ತದೆ ಅಂತಲೇ ತಿಳಿದಿದ್ದೆವು.

ಮಂಗಳವಾರ ದವಡೆ ಊದಿತು. ಆಗ ನಾನೊಂದು ಕೆಲಸ ಮಾಡಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನಿಸುತ್ತದೆ. ನಮ್ಮ ಪಕ್ಕದಲ್ಲೇ ನೂಲಿಗೆ ಗಂಜಿ ಹಾಕಿ ಒಣಗಿಸುವ ಖಾತೆಯಿದೆ. ಅಲ್ಲಿ ಆಳೆತ್ತರದ ಉರುಳೆಗಳು ಹಬೆಯಿಂದ ಕಾದು ಸುಡುತ್ತಿರುತ್ತವೆ. ಹಲ್ಲು ನೋಯುವವರು ಟವಲನ್ನು ನಾಲ್ಕು ಮಡಿಕೆ ಮಾಡಿ ಆ ಉರುಳೆಗೆ ತಾಗಿಸಿ ಕೆನ್ನೆಗೆ ಒತ್ತಿಕೊಳ್ಳುವುದು ನಮ್ಮ ಮಿಲ್ಲಿನ ಹಳೆಯ ವಾಡಿಕೆ. ನಮ್ಮಪ್ಪನೂ ಮಾಡುತ್ತಿದ್ದ. ನಾನು ಸಾಬರನ್ನು ಕೈಹಿಡಿದು ಕರೆದೊಯ್ದೆ. ಮೂರು ಸಲ ಶಾಖ ಕೊಟ್ಟೆ.

"ಹೆಂಗೈತೆ?"

"ಹಾಯ್ ಅನ್ನಿಸ್ತೈತೆ," ಅಂದರು. ಹಾಗಂದರಲ್ಲ ಅಂತ ನಾಲ್ಕನೆಯ ಸಲವೂ ಕೊಟ್ಟೆ.

ಬುಧವಾರ ಬಂದಾಗ ಊತ ದವಡೆಯಲ್ಲಿ ಇರಲಿಲ್ಲ, ಗದ್ದದ ಕೆಳಗೆ ಕುತ್ತಿಗೆಗೆ ಇಳಿದಿತ್ತು. ಮುಟ್ಟಿದರೆ ಹಲಗೆ ಮುಟ್ಟಿದ ಹಾಗೆ. ಬಾಯಿ ಒಂದು ಕಡ್ಡಿ ತೂರುವಷ್ಟೂ ತೆರೆಯುತ್ತಿಲ್ಲ. ಮೈ ಕೆಂಡ. ಲಾಳಿಗೆ ಬಾಯಿಟ್ಟರು, ಉಸಿರು ಎಳೆಯಲಾಗಲಿಲ್ಲ. ಮಗ್ಗ ನಿಂತಿತು. ಹಾಲೇಶಪ್ಪ ಆ ಕಡೆಯಿಂದ ನೋಡಿದ. ನಾನು ಸಾಬರ ಕೈಯಿಂದ ಲಾಳಿ ಕಿತ್ತುಕೊಂಡು ಎಳೆದುಕೊಟ್ಟೆ. ಆ ದಿನ ನಾಲ್ಕು ಮಗ್ಗಕ್ಕೆ ನನ್ನದೊಂದೇ ಬಾಯಿ.

ಊಟದ ಹೊತ್ತಿಗೆ ಮಿಲ್ಲಿನ ದವಾಖಾನೆಗೆ ಹೋದೆವು. ಡಾಕ್ಟರು ಬರುವುದು ಶನಿವಾರ ಮಾತ್ರ. ಉಳಿದ ದಿನ ಕಾಂಪೌಂಡರ್ ಓಬಯ್ಯನದೇ ರಾಜ್ಯ. ಅವನು ಚೀಟಿ ಬರೆದುಕೊಟ್ಟರೆ ರಜೆ. ಚೀಟಿಯಿಲ್ಲದೆ ಒಂದು ದಿನ ಬಾರದಿದ್ದರೂ ಗೇಟಿನ ಹೊರಗೆ ಕಾಯುತ್ತಿರುವ ಬದಲಿಯವನಿಗೆ ಮಗ್ಗ ಹೋಗುತ್ತದೆ. ಹದಿನಾಲ್ಕು ವರ್ಷ ದುಡಿದವನು ಮಾರನೆಯ ದಿನದಿಂದ ತಾನೂ ಗೇಟಿನ ಹೊರಗೆ ನಿಲ್ಲಬೇಕು.

"ಬಾಯಿ ತೆಗೀರಿ," ಓಬಯ್ಯ ಜ್ವರದ ಕಡ್ಡಿ ಒದರುತ್ತಾ ಅಂದ.

ಸಾಬರು ತೆಗೆಯಲು ನೋಡಿದರು. ಆಗಲಿಲ್ಲ.

"ನಾಲಿಗೆ ಕೆಳಗೆ ಇಡಬೇಕ್ರಿ. ಹಿಂಗೆ ಹಲ್ಲು ಕಚ್ಚಿಕೊಂಡ್ರೆ ಎಲ್ಲಿ ಇಡಾನ?"

"ಕಚ್ಚಿಕೊಂಡಿಲ್ಲಪ್ಪ, ತೆಗ್ಯಾಕೆ ಬರ್ತಿಲ್ಲ ಅವರಿಗೆ," ಅಂದೆ. "ಕಂಕುಳಾಗ ಇಡು."

"ಕಂಕುಳಾಗ ಇಡಂಗಿಲ್ಲ."

"ಯಾಕ?"

"ಹೋದ ವರ್ಷ ಯಾವನೋ ಕಂಕುಳಾಗ ಉಳ್ಳಾಗಡ್ಡಿ ಇಟ್ಕೊಂಡು ಬಂದು ಜ್ವರ ಬರಿಸಿಕೊಂಡು ಜಾತ್ರಿಗೆ ಹೋಗಿದ್ದ. ಮ್ಯಾನೇಜರ್ ಸಾಹೇಬ್ರಿಗೆ ಗೊತ್ತಾಗಿ ನನ್ನ ಜೀವ ತೆಗೆದ್ರು. ಬಾಯಾಗ ನೂರಾ ಒಂದು ಬಂದ್ರೆ ಚೀಟಿ. ಇಲ್ಲಾಂದ್ರೆ ಇಲ್ಲ. ಆರ್ಡರ್ ಐತೆ."

"ಮೈ ಮುಟ್ಟಿ ನೋಡಾ ಮಾರಾಯ!"

ಓಬಯ್ಯ ಮುಟ್ಟಿದ. ಮುಟ್ಟಿದವನು ಕೈ ತಕ್ಷಣ ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು. ಆದರೂ ಅವನು ಎರಡು ಬಿಳಿ ಗುಳಿಗೆ ಕೊಟ್ಟು, "ನಾಳೆ ಬಾಯಿ ಬಿಟ್ಟಾಗ ಕರಕೊಂಡು ಬಾ ರೇವಣ್ಣ. ನನಗೂ ಮೂರು ಮಕ್ಕಳು ಐದಾವೆ," ಅಂದ. ಗುಳಿಗೆ ನುಂಗುವುದು ಹೇಗೆ ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಗೇಟಿನ ಹತ್ತಿರ ಸಾಬರ ಹೆಂಡತಿ ಗುಲ್ಷನ್ ಕಂಡಳು. ರೈಲಿನಲ್ಲಿ ಅವರನ್ನು ತೋಳಿಗೆ ಆನಿಸಿಕೊಂಡು ಬಂದಿದ್ದಳು. ಸಾಬರು ಮುಂದಕ್ಕೆ ಬಾಗಿ ನಿಂತಿದ್ದರು. ಬಾಯಿಂದ ಜೊಲ್ಲು ಸುರಿದು ಅಂಗಿಯ ಮುಂಭಾಗವೆಲ್ಲ ಒದ್ದೆ.

"ರೇವಣ್ಣ ಭಾಯಿ, ನಿನ್ನೆ ಸಂಜೆಯಿಂದ ಉಗುಳು ಸೈತ ನುಂಗ್ತಾ ಇಲ್ಲ. ಮಲಗಿದ್ರೆ ಉಸಿರು ಕಟ್ತೈತೆ. ಕೂತ್ಕೊಂಡೇ ಅದಾರೆ. ದವಾಖಾನೆಗೆ ನಡೀರಿ ಅಂದ್ರೆ ಇಲ್ಲಿಗೇ ಬಂದ್ರು. ನೀವಾದ್ರೂ ಹೇಳ್ರಿ!"

"ಸಾಬ್ರೇ, ಆಸ್ಪತ್ರಿಗೆ ಹೋಗಾನ ನಡೀರಿ."

ಅವರು ತಲೆಯಾಡಿಸಿದರು. ಬಲಗೈಯನ್ನು ಆ ಕಡೆ ಈ ಕಡೆ ಆಡಿಸಿ ತೋರಿಸಿದರು. ಮಗ್ಗ, ಅಂತ ಅರ್ಥ. ಚೀಟಿ ಸಿಗಲಿ, ಆಮೇಲೆ, ಅಂತ. ಗುಲ್ಷನ್ ಅಲ್ಲೇ ಗೋಡೆಗೆ ಒರಗಿ ಕುಳಿತಳು. ಮಿಲ್ಲಿನ ಸೈರನ್ನಿನ ಕೂಗು ಆಯಿತು, ನಾವು ಒಳಗೆ ಹೋದೆವು. ನಾನೂ ಹೋದೆ ನೋಡಿ. ಅವರನ್ನು ಹೊತ್ತುಕೊಂಡಾದರೂ ಆಸ್ಪತ್ರೆಗೆ ಓಡಬೇಕಾಗಿದ್ದವನು ಕೂಗು ಕೇಳಿ ಮಗ್ಗಕ್ಕೆ ಹೋದೆ. ಹದಿನಾಲ್ಕು ವರ್ಷದ ರೂಢಿ ಕಾಲಿಗೆ ಬಂದಿತ್ತು.

ಹತ್ತು ಗಂಟೆಗೆ ಸಾಬರು ಮಗ್ಗದ ಕಾಲಿಗೆ ಒರಗಿ ಕೂತುಬಿಟ್ಟರು. ಅಷ್ಟು ಸದ್ದಿನಲ್ಲೂ ಅವರ ಉಸಿರು ಕೇಳಿಸಿತು. ತೂತು ಬಿದ್ದ ತಿದಿಯ ಸದ್ದು.

"ಮಗ್ಗ ಯಾಕ ನಿಂತೈತೆ?" ಹಾಲೇಶಪ್ಪ ಕೂಗುತ್ತಾ ಬಂದ. ಬಂದು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ನಾನೂ ಆ ಬದಿಯ ಮಗ್ಗದ ಖುದ್ದೂಸನೂ ಸಾಬರನ್ನು ಎತ್ತಿದೆವು. ಗೇಟಿನವನು, "ಚೀಟಿ ಎಲ್ಲೈತೆ?" ಅಂತ ಅಡ್ಡ ನಿಂತ. ಖುದ್ದೂಸ್ ಬಾಯಿಮಾತಿಗೆ ನಿಲ್ಲದೆ ಅವನನ್ನು ಭುಜದಿಂದ ನೂಕಿದ. ಗುಲ್ಷನ್ ಜಟಕಾ ನಿಲ್ಲಿಸಿದಳು.

ಗುಲ್ಷನ್‌ಳನ್ನು ಹೊರಗೇ ಕೂರಿಸಿ ನಮ್ಮನ್ನು ಮಾತ್ರ ಒಳಗೆ ಬಿಟ್ಟರು. ಆಸ್ಪತ್ರೆಯ ಡಾಕ್ಟರು ವಯಸ್ಸಾದವರು. ಕುತ್ತಿಗೆ ನೋಡುತ್ತಲೇ ಎದ್ದು ನಿಂತರು. "ಮಲಗಿಸಬೇಡಿ! ಕೂತೇ ಇರಲಿ." ಆಮೇಲೆ ನನ್ನ ಕಡೆ ತಿರುಗಿ, "ಯಾವತ್ತಿನಿಂದ ಊತ?"

"ಮಂಗಳವಾರದಿಂದ ಸ್ವಾಮಿ."

"ಶಾಖ ಕೊಟ್ಟಿದ್ದೀರಾ?"

ನಾನು ಹೂಂ ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಲ್ಲಿನ ಬೇರಿನಲ್ಲಿ ಕೀವಾಗಿದೆ. ಅದು ಗಂಟಲ ಕಡೆ ಇಳಿದಿದೆ. ಇಂಥದ್ದಕ್ಕೆ ಹೊರಗಿನಿಂದ ಶಾಖ ಕೊಡಬಾರದು. ಊತ ಗದ್ದದ ಕೆಳಗೆ ಬಂತು, ಬಾಯಿ ತೆರೆಯೋಕೆ ಆಗ್ತಿಲ್ಲ, ನುಂಗೋಕೆ ಆಗ್ತಿಲ್ಲ ಅಂದ್ರೆ ಆಮೇಲೆ ಒಂದು ಗಂಟೆಯೂ ಮನೇಲಿ ಇರಬಾರದು ಕಣಯ್ಯ. ನಿನ್ನೆ ಯಾಕೆ ಬರಲಿಲ್ಲ?"

"ಚೀಟಿ ಸಿಗಲಿಲ್ಲ ಸ್ವಾಮಿ. ಜ್ವರದ್ದು."

"ಇಷ್ಟು ಜ್ವರಕ್ಕೆ ಚೀಟಿ ಕೊಡಲಿಲ್ಲವೇ?"

"ಬಾಯಿ ತೆರೀಲಿಲ್ಲ ಅಂತ."

ಡಾಕ್ಟರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ.

ಕುತ್ತಿಗೆ ಕೊಯ್ದು ಕೀವು ತೆಗೆದರು. ಪೆನ್ಸಿಲಿನ್ ಚುಚ್ಚಿದರು. ಉಸಿರಿಗೆ ದಾರಿ ಮಾಡಿದರು. ಶುಕ್ರವಾರ ಮಧ್ಯಾಹ್ನ, ಪಾಳಿ ಬದಲಾಗುವ ಕೂಗು ಆಸ್ಪತ್ರೆಗೆ ಕೇಳಿಸುವ ಹೊತ್ತಿಗೆ, ಮಕ್ತುಮ್ ಸಾಬರು ಹೋದರು. ಗುಲ್ಷನ್ ಅಳಲಿಲ್ಲ. ಗಂಡನ ಗದ್ದ ಒರೆಸಿದಳು. "ಒಂದು ಹಲ್ಲು ಭಾಯಿ. ಒಂದೇ ಒಂದು ಹಲ್ಲು," ಅಂದಳು.

ಎಂಟು ದಿನದ ಮೇಲೆ ಮ್ಯಾನೇಜರ್ ನನ್ನನ್ನು ಒಳಗೆ ಕರೆಸಿದ. ಪರಿಹಾರ ಕೊಡಿಸಿ ಅಂತ ಗುಲ್ಷನ್ ಸರ್ಕಾರಕ್ಕೆ ಅರ್ಜಿ ಹಾಕಿದ್ದಳಂತೆ. ಸರ್ಕಾರದ ಅಧಿಕಾರಿ ಚಿತ್ರದುರ್ಗದಿಂದ ವಿಚಾರಣೆಗೆ ಬರುತ್ತಾರಂತೆ. ಮೇಜಿನ ಮೇಲೆ ಒಂದು ಕಾಗದ ಇತ್ತು. ನಾನು ನಾಲ್ಕನೇ ಕ್ಲಾಸು ಓದಿದವನು. ಮೃತನಿಗೆ ಹೊಗೆಸೊಪ್ಪಿನ ಚಟವಿತ್ತು, ಅದರಿಂದಲೇ ಬಾಯಿ ಕೆಟ್ಟಿತ್ತು, ಪಕ್ಕದ ಮಗ್ಗದವನಾದ ನಾನು ಕಣ್ಣಾರೆ ಕಂಡಿದ್ದೇನೆ ಅಂತ ಅದರಲ್ಲಿತ್ತು.

"ಸಾಬ್ರು ಅಡಿಕಿ ಚೂರು ಸೈತ ಹಾಕ್ತಿರ್ಲಿಲ್ರಿ," ಅಂದೆ.

"ಓದೋಕೆ ಕರೆದಿಲ್ಲ. ಸೈ ಮಾಡು."

ನಾನು ಕೈ ಕಟ್ಟಿ ನಿಂತೆ.

ಮ್ಯಾನೇಜರ್ ಮೆತ್ತಗೆ ಮಾತಾಡಿದ. "ನೋಡು ರೇವಣ್ಣ. ಪರ್ಮಿಷನ್ ಇಲ್ಲದೆ ಅವನನ್ನ ಗಂಜಿ ಖಾತೆಗೆ ಕರಕೊಂಡು ಹೋದವನು ನೀನು. ಶಾಖ ಕೊಟ್ಟವನು ನೀನು. ಡಾಕ್ಟರೇ ಹೇಳಿದ್ದಾರೆ ಶಾಖ ಕೊಡಬಾರದಿತ್ತು ಅಂತ. ಹೊಗೆಸೊಪ್ಪು ಅಲ್ಲ ಅಂದ್ರೆ ಮತ್ತೆ ತಪ್ಪು ಯಾರ ತಲೆಗೆ ಬರುತ್ತೆ? ಯೋಚನೆ ಮಾಡು. ನಾಳೆ ಸಾಹೇಬರ ಮುಂದೆ ಸೈ ಮಾಡಿದರೆ ಸಾಕು."

ಶಾಮನೂರಿಗೆ ನಡೆದು ಹೋದೆ. ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲವಲ್ಲ, ಅದೇ ಸಂಕಟ. ಶಾಖ ಕೊಟ್ಟ ಕೈ ನನ್ನದೇ. ಗುಲ್ಷನ್‌ಗೆ ಇದು ತಿಳಿದರೆ ಇನ್ನೊಮ್ಮೆ ಭಾಯಿ ಅಂತ ಕರೆಯುತ್ತಾಳೆಯೇ? ಸೈ ಮಾಡಿದರೆ ಅವಳಿಗೆ ತಿಳಿಯುವುದಿಲ್ಲ, ನನ್ನ ಮಗ್ಗವೂ ಉಳಿಯುತ್ತದೆ. ಸತ್ತವರಿಗೆ ಚಟ ಇತ್ತು ಅಂದರೆ ಅವರೇನು ಎದ್ದು ಬಂದು ಕೇಳುತ್ತಾರೆಯೇ? ನನಗೆ ನಿಜವಾಗಿ ದಣಿವಾಗಿತ್ತು. ಸೈ ಮಾಡಿಬಿಡೋಣ ಅಂತಲೇ ಮಿಲ್ಲಿಗೆ ಹೊರಟೆ.

ಅಧಿಕಾರಿ ಆಫೀಸಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಮ್ಯಾನೇಜರ್. ಮೂಲೆಯಲ್ಲಿ ಓಬಯ್ಯ ನೆಲ ನೋಡುತ್ತಾ ನಿಂತಿದ್ದ. ಬಾಗಿಲ ಬಳಿ ಗುಲ್ಷನ್. ವರಾಂಡದಲ್ಲಿ ಖುದ್ದೂಸನೂ ನಮ್ಮ ಖಾತೆಯ ಇಪ್ಪತ್ತು ಮೂವತ್ತು ಜನರೂ ನಿಂತಿದ್ದರು.

"ಹೊಗೆಸೊಪ್ಪು ಹಾಕುತ್ತಿದ್ದರೇನಮ್ಮ ನಿನ್ನ ಗಂಡ?" ಅಧಿಕಾರಿ ಕೇಳಿದರು.

"ಇಲ್ರಿ ಸಾಹೇಬ್ರೆ. ರೇವಣ್ಣ ಭಾಯಿಗೆ ಗೊತ್ತೈತೆ. ಅವರನ್ನೇ ಕೇಳ್ರಿ."

ಮ್ಯಾನೇಜರ್ ಕಾಗದವನ್ನೂ ಮಸಿಪೆನ್ನನ್ನೂ ನನ್ನ ಕಡೆ ಸರಿಸಿದ. ಪೆನ್ನು ತೆಗೆದುಕೊಂಡೆ. ಗುಲ್ಷನ್ ನನ್ನನ್ನೇ ನೋಡುತ್ತಿದ್ದಳು, ಎಳ್ಳಷ್ಟೂ ಅನುಮಾನವಿಲ್ಲದೆ. ಪೆನ್ನನ್ನು ಮೇಜಿನ ಮೇಲೆ ಇಟ್ಟೆ.

"ಸಾಹೇಬ್ರೆ, ಇದರಾಗ ಬರೆದಿರೋದು ಸುಳ್ಳು," ಅಂದೆ. "ನನ್ನ ತಪ್ಪು ಬೇರೆ ಐತೆ, ಅದನ್ನ ಬರ್ಕೊಳ್ರಿ. ಮಂಗಳವಾರ ಬಿಸಿ ಉರುಳೆಗೆ ಟವಲು ತಾಗಿಸಿ ಶಾಖ ಕೊಟ್ಟೋನು ನಾನು. ಕೊಡಬಾರದಿತ್ತು. ಗೊತ್ತಿರ್ಲಿಲ್ಲ. ಭಾಬಿ, ನಿಮಗೂ ಹೇಳ್ತೀನಿ, ನಾನೇ ಕೊಟ್ಟೋನು."

ಗುಲ್ಷನ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆದ್ರೆ ಪೂರಾ ಬರೀರಿ. ಬುಧವಾರ ಮೈ ಸುಡ್ತಿತ್ತು, ಚೀಟಿ ಕೇಳಿದ್ವಿ, ಕೊಡ್ಲಿಲ್ಲ, ಅದನ್ನೂ ಬರೀರಿ. ಬಾಯಿ ತೆರೆಯಾಕೆ ಬಾರದೋನಿಗೆ ಬಾಯಿ ತೆಗಿ ಅಂದ್ರು, ಅದನ್ನೂ ಬರೀರಿ. ಅವರ ಬಾಯಿ ಯಾತಕ್ಕೆ ಕೆಟ್ಟಿತ್ತು ಅಂತ ಕೇಳ್ತೀರಲ್ಲ. ನಾನೂ ಹೊಗೆಸೊಪ್ಪು ಹಾಕೋನಲ್ಲ. ನೋಡ್ರಿ."

ಬಾಯಿ ತೆರೆದೆ. ಜೀವಮಾನದಲ್ಲಿ ಯಾರ ಮುಂದೆಯೂ ಹಾಗೆ ತೆರೆದವನಲ್ಲ. ಮುರಿದ ನಾಲ್ಕು ಹಲ್ಲು, ಕಪ್ಪು ವಸಡು, ಅದಷ್ಟೇ ನನ್ನ ಆಸ್ತಿ. ಅಧಿಕಾರಿ ಮುಖ ಹಿಂದಕ್ಕೆ ಎಳೆದುಕೊಂಡರು.

ಖುದ್ದೂಸ್ ಒಳಗೆ ಬಂದ. "ನಂದೂ ನೋಡ್ರಿ ಸಾಬ್. ನನಗೆ ಇಪ್ಪತ್ತಾರು ವರ್ಷ." ಅವನೂ ತೆರೆದ. ಅವನ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. "ಹೊರಗೆ! ಎಲ್ಲಾ ಹೊರಗೆ!" ಮ್ಯಾನೇಜರ್ ಕೂಗುತ್ತಿದ್ದ. ಯಾರೂ ಹೊರಗೆ ಹೋಗಲಿಲ್ಲ. ಸಾಲಾಗಿ ಬಂದರು, ಬಾಯಿ ತೆರೆದರು, ತೋರಿಸಿದರು, ಆ ಕಡೆ ನಿಂತರು.

ಅಧಿಕಾರಿ ಬಹಳ ಹೊತ್ತು ಬರೆದರು. ಇಂಗ್ಲಿಷಿನಲ್ಲಿ ಬರೆದರು. ಏನು ಬರೆದರೋ ನಮಗೆ ಗೊತ್ತಿಲ್ಲ. ಇವತ್ತಿನವರೆಗೂ ಯಾವ ಉತ್ತರವೂ ಬಂದಿಲ್ಲ. ಗುಲ್ಷನ್ ಹರಿಹರದಲ್ಲಿ ಬೀಡಿ ಕಟ್ಟುತ್ತಿದ್ದಾಳೆ. ವಿಚಾರಣೆಯ ದಿನ ಹೊರಡುವಾಗ ನನ್ನ ಮುಂದೆ ನಿಂತು, "ನೀವು ನೋವು ಕಮ್ಮಿ ಆಗ್ಲಿ ಅಂತ ಮಾಡಿದ್ರಿ ಭಾಯಿ," ಅಂದಳು. ಅಷ್ಟು ಹೇಳಿ ರೈಲಿಗೆ ಹೋದಳು.

ಮಾರನೆಯ ಬೆಳಿಗ್ಗೆ ಖುದ್ದೂಸ್ ಒಂದು ಕಟ್ಟು ತಂದಿದ್ದ. ಅವನ ಅಣ್ಣನದು ಸೈಕಲ್ ಶಾಪು. ಹಳೆಯ ಚಕ್ರದ ಕಡ್ಡಿಗಳನ್ನು ಗೇಣುದ್ದ ತುಂಡು ಮಾಡಿ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ್ದ. ಮಗ್ಗಕ್ಕೊಂದು ಹಂಚಿದ. ಕೊಕ್ಕೆಯನ್ನು ಲಾಳಿಯ ಕಣ್ಣಿಗೆ ಹಾಕಿ, ನೂಲು ಸಿಕ್ಕಿಸಿ, ಎಳೆಯಬೇಕು. ಬಾಯಲ್ಲಿ ಎಳೆದರೆ ಒಂದು ಉಸಿರಿನ ಕೆಲಸ. ಇದಕ್ಕೆ ಅದರ ಮೂರರಷ್ಟು ಹೊತ್ತು ಬೇಕು. ಅಲ್ಲೊಂದು ಇಲ್ಲೊಂದು ಮಗ್ಗ ನಿಲ್ಲತೊಡಗಿತು. ಖಾತೆಯ ಸದ್ದೇ ಬೇರೆಯಾಯಿತು.

ಹಾಲೇಶಪ್ಪ ಓಡಿ ಬಂದ. "ಏನ್ರೋ ಇದು ನಾಟಕ? ಬಾಯಾಗ ಎಳೀರಿ! ಮಗ್ಗ ನಿಲ್ತಾವೆ!"

ಮಕ್ತುಮ್ ಸಾಬರ ಮಗ್ಗದಲ್ಲಿ ಆವತ್ತು ಹೊಸ ಬದಲಿ ನಿಂತಿದ್ದ. ಹಲ್ಲು ಇನ್ನೂ ಬೆಳ್ಳಗಿದ್ದವು. ಅವನು ನನ್ನ ಮುಖ ನೋಡಿದ, ಕೈಯಲ್ಲಿದ್ದ ಕೊಕ್ಕೆ ನೋಡಿದ.

"ನಿಲ್ಲಲಿ ಬಿಡ್ರಿ," ಅಂದ.