ಚೇಳಿನ ಮುದ್ರೆಯ ಕುಡಗೋಲು

ಸುರಪುರದ ದುರಗಮ್ಮನ ಕುಲುಮೆಯಿಂದ ಹೊರಬೀಳುವ ಪ್ರತಿ ಕುಡಗೋಲಿನ ಮೇಲೂ ಒಂದು ಚೇಳು ಕೂತಿರುತ್ತದೆ. ಮಾವ ಮಾಡಿಟ್ಟ ಉಕ್ಕಿನ ಅಚ್ಚು. ಕಾದ ಕಬ್ಬಿಣದ ಮೇಲಿಟ್ಟು ಒಂದೇ ಪೆಟ್ಟು. ಓದು ಬರದವರೂ ಸಂತೆಯಲ್ಲಿ ‘ಚೇಳಿಂದು ಕೊಡ್ರಿ’ ಎಂದೇ ಕೇಳುತ್ತಾರೆ. ಯಾದಗಿರಿಯ ವ್ಯಾಪಾರಿಯೊಬ್ಬ ಮೂರು ವರ್ಷದ ಹಿಂದೆ ಅದೇ ಚೇಳನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿದ್ದ. ದುರಗಮ್ಮ ಇನ್ನು ಆ ಅಚ್ಚು ಬಡಿಯಲೇಬಾರದೆಂದು ಈಗ ದಾವೆ ಹೂಡಿದ್ದ.

ದುರಗಮ್ಮನ ಪರ ನಿಂತ ಶಹಾಪುರದ ಸಂಘಮಿತ್ರಾ ಹೊಸ ವಕೀಲೆ. ಈ ಟ್ರೇಡ್‌ಮಾರ್ಕ್ ಕಾಯ್ದೆಯ ಕಥೆ ಹೇಳಲು ಕೂತರೆ ಅವಳಿಗೆ ಊಟವೂ ನೆನಪಾಗದು.

“ಅವ್ವಾ, ೧೯೪೦ರ ಕಾಯ್ದೆ ಬರೋಕಿಂತ ಮೊದ್ಲ ಬ್ರಿಟಿಷರ ಕಾಲದಾಗೂ ಕೋರ್ಟು ಕಳ್ಳ ಗುರುತು ತಡೀತಿತ್ತು. ಮೊದ್ಲ ಯಾರು ಬಳಸ್ಯಾರ, ಜನ ಯಾರ ಮಾಲು ಅಂತ ನಂಬ್ಯಾರ, ಅದನ್ನ ನೋಡ್ತಿತ್ತು. ಆ ಮಾತು ಇವತ್ತಿನ ಕಾಯ್ದೆದಾಗೂ ಉಳದೈತಿ.”

“ಅಂದ್ರ ಕಾಯ್ದಿಗೂ ನೆನಪು ಐತಿ ಅನ್ನು,” ಎಂದಳು ದುರಗಮ್ಮ.

“ಐತಿ. ಆದ್ರ ಸಾಕ್ಷಿ ಬೇಕು.”

ಸಾಕ್ಷಿಯ ದಿನ ಕೋರ್ಟಿನ ಮುಂದೆ ಶಿರವಾಳದ ಬಸ್ಸಿನಿಂದ, ಚೇಳಿನ ಕುಡಗೋಲನ್ನೇ ಬಳಸುವ ಹೆಂಗಸರ ದಂಡೇ ಇಳಿಯಿತು. ಎಲ್ಲರ ಕೈಯಲ್ಲೂ ಕುಡಗೋಲು!

ಗೇಟಿನ ಪೊಲೀಸ ಅಡ್ಡ ನಿಂತ. “ಏನವ್ವಾ, ಕೋರ್ಟಿಗೆ ಬಂದೀರೋ, ಕೊಯ್ಲಿಗೆ ಬಂದೀರೋ?”

ಕಾಡಿ ಬೇಡಿ, ಸಾಹೇಬರ ಅನುಮತಿ ಪಡೆದು, ಅವರಲ್ಲಿ ಹಿರಿಯಳಾದ ಗೊಲ್ಲಾಳಮ್ಮನ ಕುಡಗೋಲೊಂದನ್ನು ಟವೆಲಿನಲ್ಲಿ ಸುತ್ತಿ ಸಂಘಮಿತ್ರಾ ಒಳಗೆ ಒಯ್ದಳು. ಮಸೆದು ಮಸೆದು ಅಲಗು ಬೆರಳಿನಷ್ಟು ಸಣ್ಣಗಾಗಿತ್ತು. ಚೇಳು ಮಾತ್ರ ಕೊಂಡಿ ಎತ್ತಿಕೊಂಡೇ ಇತ್ತು.

ವ್ಯಾಪಾರಿಯ ವಕೀಲ ಅದನ್ನು ತಿರುಗಿಸಿ ನೋಡಿದ. “ಹಳೇದು ಅಂತ ಹೆಂಗ ಹೇಳ್ತಿ? ಇದರ ಮ್ಯಾಲ ತಾರೀಖು ಐತೇನು?”

“ತಾರೀಖು ಇಲ್ರೀ ಸಾಹೇಬ್ರ,” ಎಂದಳು ಗೊಲ್ಲಾಳಮ್ಮ. “ಮಗ ಅದಾನ.”

ವಕೀಲ ತಲೆ ಎತ್ತಿದ. “ಮಗ?”

“ಬಾಣಂತಿ ದಿಂಬಿನ ಕೆಳಗ ಕಬ್ಬಿಣ ಇಡಬೇಕಲ್ರಿ? ನಮ್ಮವ್ವ ಇದನ್ನ ಹೊಸಾದು ತಂದು ಇಟ್ಟಿದ್ಲು. ಆ ಕೂಸು ಅಲ್ಲಿ ಕುಂತೈತಿ ನೋಡ್ರಿ. ಏಳೋ ಮರಿಲಿಂಗ!”

ಹಿಂದಿನ ಬೆಂಚಿನಿಂದ ದಪ್ಪ ಮೀಸೆಯ, ಕಿವಿಯ ಬಳಿ ನರೆತ ಗಂಡಸೊಬ್ಬ ನಾಚುತ್ತ ಎದ್ದ. ಬರೆಯುತ್ತಿದ್ದ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ನಕ್ಕರು.

“ಕೂಸಿಗೆ ವಯಸ್ಸೆಷ್ಟು?”

“ನಲವತ್ತು ದಾಟ್ಯಾವ್ರಿ,” ಎಂದ ಮರಿಲಿಂಗ.

ವಕೀಲ ಕುಡಗೋಲನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟ. ಮಗನನ್ನೇ ತಾರೀಖು ಮಾಡಿದ ಈ ಹೆಂಗಸನ್ನೂ, ಅವಳ ಮಾತಿಗೆ ಜಾಗ ಉಳಿಸಿಟ್ಟ ಕಾಯ್ದೆಯನ್ನೂ ಸಂಘಮಿತ್ರಾ ಕಣ್ಣರಳಿಸಿ ನೋಡುತ್ತ ನಿಂತಳು.

ಕೆಲವು ವಾರಗಳ ನಂತರ ತೀರ್ಪು ಬಂತು: ಮೊದಲಿನಿಂದ ಬಳಸಿಕೊಂಡು ಬಂದವರ ಕೈಯನ್ನು ಆಮೇಲಿನ ನೋಂದಣಿ ಕಟ್ಟಿಹಾಕಲಾರದು. ದಾವೆ ವಜಾ.

ದುರಗಮ್ಮ ಹೊರಗೆ ಬಂದಾಗ ಗೇಟಿನ ಅದೇ ಪೊಲೀಸ ಅಡ್ಡ ಬಂದ. “ಅವ್ವಾ, ಇವತ್ತ ಕುಡಗೋಲು ತಂದಿಲ್ಲೇನು?”

“ತಂದ್ರ ನೀ ಒಳಗ ಬಿಡಾಂವ ಅಲ್ಲಲ್ಲೋ!” ಎಂದಳು ದುರಗಮ್ಮ.

ಅವನು ದನಿ ತಗ್ಗಿಸಿದ. “ಹಂಗಲ್ಲಬೇ… ನನ್ನ ಹೆಂಡ್ತಿಗೆ ದಿನ ತುಂಬ್ಯಾವ. ದಿಂಬಿನ ಕೆಳಗ ಚೇಳಿಂದೇ ಬೇಕು ಅಂತಾಳ.”

“ಇವತ್ತ ಸಂಜಿಕೇ ಬಡೀತೀನಿ, ತಮ್ಮಾ,” ಎಂದು ದುರಗಮ್ಮ ಸೆರಗು ಬಿಗಿದು ಬಸ್ಸಿನ ಕಡೆ ಓಡಿದಳು.