ಎಡದಿಂದ ಮೂರನೆಯ ತಳ್ಳುಗಾಡಿ

ತೋರ್ಲೈವ್ ಅಜ್ಜ ಶಿಶುವಿಹಾರಕ್ಕೆ ಬರತೊಡಗಿ ಅದು ಮೂರನೆಯ ದಿನ. ಹೊಸ ಮಗು ಹೊಂದಿಕೊಳ್ಳುವ ತನಕ ಮನೆಯವರೊಬ್ಬರು ಜೊತೆಗಿರಬೇಕು. ಮಗಳು ಮಾರಿತ್‌ಗೆ ಸೋಮವಾರದಿಂದ ಕೆಲಸ. ಅವಳ ಹದಿಮೂರು ತಿಂಗಳ ಮಗು ಓಸ್ನೆ ಇಲ್ಲಿ ತಾನಾಗಿ ನಿದ್ದೆ ಮಾಡಿದರೆ ಸರಿ, ಇಲ್ಲವಾದರೆ ಬೇಸಿಗೆಯ ತನಕ ಅಜ್ಜನ ಹತ್ತಿರವೇ ಇರಲಿ ಎಂದು ಮಾತಾಗಿತ್ತು. ಅವಳು ನಿದ್ದೆ ಮಾಡದಿರಲಿ ಎಂಬುದೇ ಅಜ್ಜನ ಒಳಗಿನ ಆಸೆ. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ.

ಎರಡು ದಿನ ಅಂಗಳದಲ್ಲಿ ಅವನೇ ಮಗುವಿನ ತಳ್ಳುಗಾಡಿ ತೂಗಿ ಅವಳನ್ನು ಮಲಗಿಸಿದ್ದ. ಇವತ್ತು ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ, ಗಾಳಿಯಿಲ್ಲ, ಚಳಿಗಾಲದಲ್ಲೂ ಮಕ್ಕಳನ್ನು ಹೊರಗೇ ಮಲಗಿಸುವ ಆ ನಾಡಿನಲ್ಲಿ ನಿದ್ದೆಗೆ ಹೇಳಿ ಮಾಡಿಸಿದ ಹವೆ. ಅಂಗಳದಲ್ಲಿ ಏಳು ಗಾಡಿ, ಏಳೂ ಒಂದೇ ನೀಲಿ. ಶಿಕ್ಷಕಿ ಬೋರ್ಗ್ನಿ ಓಸ್ನೆಯನ್ನು ಉಣ್ಣೆಯಲ್ಲಿ ಸುತ್ತಿ, ಎಡದಿಂದ ಮೂರನೆಯದರಲ್ಲಿ ಮಲಗಿಸಿ ಹೊದಿಕೆ ಎಳೆದಳು.

"ಅಜ್ಜಾ, ಇವತ್ತು ನೀವು ಹೊರಡಿ. ಎಲ್ಲಾದ್ರೂ ಕಾಫಿ ಕುಡಿದು ನಿಧಾನಕ್ಕೆ ಬನ್ನಿ."

"ನಾನು ತೂಗದಿದ್ರೆ ಅವಳು ಮಲಗಲ್ಲ ಕಣಮ್ಮ. ಊರು ಒಂದು ಮಾಡ್ತಾಳೆ."

"ಮಾಡ್ಲಿ ಬಿಡಿ. ನನ್ನ ಕಿವಿ ಗಟ್ಟಿ ಇದೆ."

ಅಜ್ಜ ಮುಖ ಊದಿಸಿಕೊಂಡು ಹೊರಟ. ಕಾಫಿ ಯಾರಿಗೆ ಬೇಕಿತ್ತು? ಬೀದಿಯ ಕೊನೆಯ ತನಕ ಹೋಗಿ, ಹಿಂದಿನ ದಾರಿಯಿಂದ ಬಂದು ಸೌದೆ ಕೊಟ್ಟಿಗೆಯ ಮರೆಯಲ್ಲಿ ನಿಂತ. ಗಾಡಿಗಳು ಆಗಲೇ ಎದುರು ಗೋಡೆಗೆ ಹೋಗಿದ್ದವು. ಹೋದರೇನು, ಸಾಲು ಸಾಲೇ ತಾನೇ ಎಂದುಕೊಂಡ. ಅರ್ಧ ಗಂಟೆಯಲ್ಲಿ ಕಾಲು ಮರಗಟ್ಟಿತು. ಅಷ್ಟರಲ್ಲಿ ಎಡದಿಂದ ಮೂರನೆಯ ಗಾಡಿಯಿಂದ ಅಳು ಕೇಳಿಸಿತು.

ಬೋರ್ಗ್ನಿ ಒಳಗೆ ದೊಡ್ಡ ಮಕ್ಕಳ ಬೂಟು ಕಳಚುತ್ತಿದ್ದಳು. ಅಜ್ಜ ಸರಸರನೆ ಬಂದು ಗಾಡಿಯ ಹಿಡಿಕೆ ಹಿಡಿದು ತೂಗಿದ. ಹೊದಿಕೆ ಎತ್ತಲಿಲ್ಲ, ಎತ್ತಿದರೆ ಚಳಿ ನುಗ್ಗಿ ಮಗು ಪೂರ್ತಿ ಎಚ್ಚರವಾಗುತ್ತದೆ. ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಂತಿತು. ಅಜ್ಜನಿಗೆ ಆದ ಖುಷಿ ಅಷ್ಟಿಷ್ಟಲ್ಲ. ನಾನಿಲ್ಲದೆ ಆಗುವುದಿಲ್ಲ, ಇನ್ನು ಮಾರಿತ್ ಒಪ್ಪಲೇಬೇಕು ಎಂದು ಬೇಸಿಗೆಯ ತನಕದ ದಿನಗಳನ್ನು ಮನಸ್ಸಿನಲ್ಲೇ ಜೋಡಿಸತೊಡಗಿದ.

"ಕಾಫಿ ಇಲ್ಲೇ ಸಿಗುತ್ತಾ ಅಜ್ಜಾ?" ಬೋರ್ಗ್ನಿ ಬಾಗಿಲಲ್ಲಿ ನಿಂತಿದ್ದಳು.

"ಹೇಳಿರ್ಲಿಲ್ವಾ ನಾನು? ಅತ್ತಳು. ಎರಡು ನಿಮಿಷ ತೂಗಿದೆ, ಮಲಗಿದಳು."

ಬೋರ್ಗ್ನಿ ಗಾಡಿ ನೋಡಿದಳು, ಅಜ್ಜನನ್ನು ನೋಡಿದಳು. "ಇದು ಹಾಲ್ವೋರ್, ಬೇರೆ ಮಗು. ಸೂರಿನ ಹಿಮ ಜಾರೋ ಹಾಗಿತ್ತು ಅಂತ ಗಾಡಿಗಳನ್ನ ಈ ಕಡೆ ತಂದೆ. ಕೊನೇದು ಮೊದಲು ಬಂತು, ಸಾಲೇ ತಿರುಗುಮುರುಗಾಯ್ತು. ಓಸ್ನೆ ಬಲದಿಂದ ಮೂರನೇದ್ರಲ್ಲಿ ಇದಾಳೆ. ನೀವು ಗೇಟು ದಾಟೋ ಮೊದಲೇ ಮಲಗಿದ್ದಳು."

ನಲವತ್ತು ವರ್ಷ ಹಡಗಿಗೆ ಕಾರು ತುಂಬಿಸಿ ಇಳಿಸಿದವನು ಏಳು ತಳ್ಳುಗಾಡಿಯ ಲೆಕ್ಕದಲ್ಲಿ ಸೋತಿದ್ದ. ನಗು ಬರಲಿಲ್ಲ. ಬಲದಿಂದ ಮೂರನೆಯ ಗಾಡಿಗೆ ಕಿವಿ ಕೊಟ್ಟ. ಸಣ್ಣಗೆ, ನೆಮ್ಮದಿಯ ಉಸಿರಾಟ. ಅವನಿಗೆ ಬೇಸರವಾಯಿತು, ಅದರ ಜೊತೆಗೇ ಹೆಮ್ಮೆಯೂ ಆಯಿತು.

ಬೋರ್ಗ್ನಿ ಒಳಗೆ ಹೋದ ಮೇಲೆ ಫೋನ್ ಬಂತು. ಮಾರಿತ್.

"ಮಲಗಿದ್ಳಾ ಅಪ್ಪಾ? ನೀನು ತೂಗಬೇಕಾಯ್ತಾ?"

"ತೂಗಿದೆ," ಎಂದ ಅಜ್ಜ. ಅಷ್ಟಕ್ಕೇ ನಿಲ್ಲಿಸಿದ್ದರೆ ಸುಳ್ಳೇನೂ ಆಗುತ್ತಿರಲಿಲ್ಲ. "ಹಾಗಾದ್ರೆ ಸೋಮವಾರ..." ಎಂದಳು ಮಗಳು ಆ ಕಡೆಯಿಂದ.

"ಬೇರೆ ಯಾರದೋ ಮಗೂನ ತೂಗಿದೆ. ನಿನ್ನ ಮಗಳು ತಾನಾಗೇ ಮಲಗಿದಳು. ನೀನು ಸೋಮವಾರ ಕೆಲಸಕ್ಕೆ ಹೋಗು."